ಹಿಂದಿನ ಸೀಟಿನ ಅಳತೆ

ಪತ್ರಿಕೆಯಲ್ಲಿ ವಾಹನ ಪುಟ ಸಿಕ್ಕಿತೆಂದು ಈಗಿನ ಹುಡುಗ ಹುಡುಗಿಯರು ಖುಷಿಪಡುವುದನ್ನು ನೋಡಿದ್ದೇನೆ. ಹೊಸ ಕಾರು ಓಡಿಸಬಹುದು, ಷೋರೂಮಿನಲ್ಲಿ ಕಾಫಿ ಕೊಡುತ್ತಾರೆ, ಸಾವಿನ ಮನೆಗೆ ಹೋಗಿ ಸತ್ತವರ ಫೋಟೊ ಕೇಳಬೇಕಾಗಿಲ್ಲ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ನನ್ನ ಕೆಲಸದ ಕೊನೆಯ ಹನ್ನೊಂದು ವರ್ಷ ಶನಿವಾರದ ವಾಹನ ಪುಟ ನನ್ನ ಕೈಯಲ್ಲಿತ್ತು. ನಿವೃತ್ತಿಯಾಗಿ ಎರಡು ವರ್ಷ ತುಂಬಿತು. ಆ ಪುಟದಲ್ಲಿ ನಾನು ಮಾಡಿದ ಒಂದು ತಪ್ಪಿನ ಮೇಲೂ, ಅದನ್ನು ತಿದ್ದಲು ಬಿಡದ ಕಚೇರಿಯ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ಸಿಟ್ಟಿನಲ್ಲಿ ಬರೆದದ್ದನ್ನು ಒಂದು ದಿನ ಪಕ್ಕಕ್ಕಿಟ್ಟು ಮತ್ತೆ ಓದಬೇಕು ಎಂದು ನನಗೆ ಕಲಿಸಿದ್ದರು. ಇದನ್ನು ಎರಡು ವರ್ಷ ಪಕ್ಕಕ್ಕಿಟ್ಟಿದ್ದೆ. ಓದಿದರೆ ಒಂದು ಸಾಲೂ ತೆಗೆಯಬೇಕು ಅನ್ನಿಸುತ್ತಿಲ್ಲ.

ಮೊದಲು ಷೋರೂಮಿನ ಪದ್ಧತಿ ತಿಳಿದುಕೊಳ್ಳಿ. ಪತ್ರಿಕೆಯವರು ಬರುತ್ತಾರೆಂದರೆ ಅಲ್ಲಿ ನಿಲ್ಲಿಸುವುದು ಅತಿ ದುಬಾರಿ ಮಾದರಿಯ ಕಾರು. ನಾವು ತಲುಪುವ ಮೊದಲೇ ಎ.ಸಿ. ಹಾಕಿ ಒಳಗೆಲ್ಲ ತಂಪು ಮಾಡಿರುತ್ತಾರೆ. ಹಿಂದಿನ ಬಾಗಿಲು ತೆಗೆಯುವ ಮುನ್ನ ಮುಂದಿನ ಸೀಟಿನ ಕೆಳಗೆ ಕೈ ಹಾಕಿ, ಅದನ್ನು ಪೂರ್ತಿ ಮುಂದಕ್ಕೆ ತಳ್ಳಿರುತ್ತಾರೆ. ಆಮೇಲೆ ಬಾಗಿಲು ತೆಗೆದು, ನೋಡಿ ಮೇಡಂ, ಕಾಲು ಚಾಚಿ ಮಲಗಬಹುದು ಅನ್ನುತ್ತಾರೆ. ನಿಜವೇ. ಆದರೆ ಆ ಸ್ಥಿತಿಯಲ್ಲಿ ಕಾರು ಓಡಿಸಬೇಕಾದರೆ ಚಾಲಕನಿಗೆ ಕಾಲೇ ಇರಬಾರದು. ಈ ಕೈಚಳಕ ಗೊತ್ತಾಗಲು ನನಗೆ ಐದು ವರ್ಷ ಹಿಡಿಯಿತು. ಕಾರಣ ನಾಚಿಕೆಯದು. ಆ ಐದು ವರ್ಷ ನಾನು ಒಮ್ಮೆಯೂ ಹಿಂದಿನ ಸೀಟಿನಲ್ಲಿ ಕೂರಲಿಲ್ಲ.

ಅದಕ್ಕೂ ಒಂದು ಹಿನ್ನೆಲೆಯಿದೆ. ಮೊದಲ ಸಲ ಷೋರೂಮಿಗೆ ಹೋದಾಗ ನನ್ನ ಜೊತೆ ಬಂದವರು ನಮ್ಮ ಛಾಯಾಗ್ರಾಹಕ ಇಕ್ಬಾಲ್. ಆರಡಿ ಮೇಲೆ ಎರಡಿಂಚು ಎತ್ತರದ ಆಳು. ಬರೆಯುವವಳು ನಾನು ಎಂದು ಮೂರು ಸಲ ಹೇಳಿದರೂ ಮ್ಯಾನೇಜರ್ ಎಂಜಿನ್ನು, ಗೇರು, ಮೈಲೇಜು ಎಲ್ಲವನ್ನೂ ಇಕ್ಬಾಲರಿಗೇ ವಿವರಿಸಿದರು. ನನ್ನ ಕಡೆ ತಿರುಗಿ ಸೂರ್ಯನ ಬಿಸಿಲಿಗೆ ಅಡ್ಡ ಇಳಿಸುವ ಪಟ್ಟಿಯನ್ನು ಬಿಡಿಸಿ, ಅದರ ಹಿಂದಿನ ಕನ್ನಡಿ ತೋರಿಸಿದರು. ಲಿಪ್‌ಸ್ಟಿಕ್ ಸರಿ ಮಾಡ್ಕೋಬಹುದು ಮೇಡಂ, ಲೈಟೂ ಇದೆ ಅಂದರು. ನಾನು ಲಿಪ್‌ಸ್ಟಿಕ್ ಹಚ್ಚಿದವಳಲ್ಲ. ಹೊರಗೆ ಬಂದ ಮೇಲೆ ಇಕ್ಬಾಲ್, "ಅಕ್ಕ, ನಂಗೆ ಸೈಕಲ್ ಬಿಟ್ರೆ ಬೇರೆ ಗಾಡಿ ಹೊಡ್ಯೋಕೆ ಬರಲ್ಲ ಅಂತ ಹೇಳ್ಬಿಡ್ಲಾ?" ಎಂದು ಕೇಳಿದರು. ನಗುವ ಮನಸ್ಸು ನನಗಿರಲಿಲ್ಲ.

ಆ ದಿನ ಒಂದು ಹಟ ಹಿಡಿದೆ. ಅಪ್ಪನ ಕಾರಿನಲ್ಲಿ, ಮಾವನ ಕಾರಿನಲ್ಲಿ, ಗಂಡನ ಕಾರಿನಲ್ಲಿ ನಾನು ಹಿಂದೆಯೇ ಕೂತು ಬಂದವಳು. ಮುಂದೆ ಗಂಡಸರು, ಹಿಂದೆ ಹೆಂಗಸರು, ಮಕ್ಕಳು, ಊಟದ ಡಬ್ಬಿ. ಇನ್ನು ಈ ಕೆಲಸದಲ್ಲಿ ಸ್ಟೀರಿಂಗ್ ಬಿಟ್ಟು ಬೇರೆಡೆ ಕೂರುವುದಿಲ್ಲ ಎಂದು ನಿರ್ಧರಿಸಿದೆ. ನವುಲೆಯ ಕೃಷಿ ಕಾಲೇಜಿನ ತನಕ ಹೋಗಿ ಬರುವ ರಸ್ತೆಯಲ್ಲಿ ನಾನು ಓಡಿಸದ ಕಾರಿಲ್ಲ. ಗೇರು, ಬ್ರೇಕು, ತಿರುವಿನಲ್ಲಿ ಕಾರು ವಾಲುವ ರೀತಿ ಎಲ್ಲವನ್ನೂ ಯಾವ ಗಂಡಸಿಗೂ ಕಡಿಮೆಯಿಲ್ಲದಂತೆ ಬರೆದೆ. ಹಿಂದಿನ ಸೀಟಿನ ವಿಷಯಕ್ಕೆ ಕಂಪನಿಯ ಕೈಪಿಡಿ ಇತ್ತು. ಅದರಲ್ಲಿ 'ವಿಶಾಲ' ಎಂದಿದ್ದರೆ ನಾನೂ ವಿಶಾಲ ಎನ್ನುತ್ತಿದ್ದೆ.

ಎಚ್ಚರಿಕೆ ಬಾರದೇ ಇರಲಿಲ್ಲ. ಒಂದು ಸೆಡಾನ್ ಕಾರಿನಲ್ಲಿ ಐವರು ಆರಾಮವಾಗಿ ಕೂರಬಹುದು ಎಂದು ಬರೆದ ವಾರ, ನವುಲೆ ಕಡೆಯ ಅಧ್ಯಾಪಕರೊಬ್ಬರು ಪತ್ರ ಹಾಕಿದರು. ಮನೆಯಲ್ಲಿ ಅವರೇ ಕಿರಿಯರಾದ್ದರಿಂದ ಹಿಂದೆ ನಡುವಿನ ಜಾಗ ಯಾವಾಗಲೂ ಅವರದ್ದಂತೆ. ಆ ಕಾರಿನ ನೆಲದ ಮಧ್ಯೆ ಉದ್ದಕ್ಕೆ ಎದ್ದ ದಿಬ್ಬವಿದೆ, ಐದನೆಯವನು ಕಾಲನ್ನು ಎಲ್ಲಿಡಬೇಕೆಂದು ಲೇಖಕಿಯವರು ದಯವಿಟ್ಟು ತಿಳಿಸಬೇಕು ಎಂದು ಕೇಳಿದ್ದರು. ಪತ್ರ ಚೆನ್ನಾಗಿದೆಯೆಂದು ನಕ್ಕು ಅಚ್ಚು ಹಾಕಿಸಿದೆ. ಕಲಿಯಲಿಲ್ಲ.

ತಪ್ಪು ನಡೆದದ್ದು ಐದನೇ ವರ್ಷ. ಒಂದೇ ಬೆಲೆಯ ಸೆಡಾನ್ ಮತ್ತು ಎಸ್‌ಯುವಿ ಎರಡರಲ್ಲಿ ಒಳಗಿನ ಜಾಗ, ಸೀಟಿನ ಸುಖ ಯಾವುದರಲ್ಲಿ ಹೆಚ್ಚು ಎಂಬ ಹೋಲಿಕೆಯನ್ನು ಅರ್ಧ ಪುಟ ಬರೆದೆ. ಎರಡನ್ನೂ ಓಡಿಸಿದೆ. ಎಸ್‌ಯುವಿಯ ಚಾಲಕನ ಸೀಟು ಎತ್ತರದಲ್ಲಿದ್ದು ರಸ್ತೆ ಚೆನ್ನಾಗಿ ಕಾಣುತ್ತಿತ್ತು, ಹತ್ತುವಾಗ ಹಿಡಿಯಲು ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಹಿಡಿಕೆ ಇತ್ತು. ಸೆಡಾನ್ ತಗ್ಗು, ಅದರೊಳಗೆ ಬಗ್ಗಿ ಇಳಿಯಬೇಕು. ಇಷ್ಟು ನೋಡಿ ನಾನು ಬರೆದ ಕೊನೆಯ ವಾಕ್ಯ ಇದು: 'ವಯಸ್ಸಾದವರು, ಕಾಲು ಸೊಂಟದ ತೊಂದರೆ ಇರುವವರು ಮನೆಯಲ್ಲಿದ್ದರೆ ಎಸ್‌ಯುವಿಯೇ ಸರಿಯಾದ ಆಯ್ಕೆ.' ಯಾರನ್ನು ಕೂರಿಸಿ ನೋಡಿ ಬರೆದೆ? ಯಾರನ್ನೂ ಕೂರಿಸಿರಲಿಲ್ಲ.

ನಾಲ್ಕು ತಿಂಗಳ ನಂತರ ಒಂದು ಫೋನ್ ಬಂತು. ಭದ್ರಾವತಿ ಕಾಗದನಗರದಿಂದ ಆರ್ಮುಗಂ ಎಂಬುವವರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಜಗಳದ ದನಿಯಲ್ಲ. ಹೆಂಡತಿ ಸರೋಜಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿಗೆ ಆಪರೇಷನ್ ಆಗಿದೆ, ವಾರಕ್ಕೆ ಮೂರು ದಿನ ಶಿವಮೊಗ್ಗಕ್ಕೆ ಕರೆತಂದು ಕಾಲಿಗೆ ವ್ಯಾಯಾಮ ಮಾಡಿಸಬೇಕು, ಮೊದಲ ಎರಡು ಮೂರು ತಿಂಗಳಲ್ಲಿ ಕಾಲು ಪಳಗದಿದ್ದರೆ ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ ಎಂದರು. ಆಪರೇಷನ್ ದಿನ ಗೊತ್ತಾದಾಗ ಹಳೆಯ ಸೆಡಾನ್ ಕೊಟ್ಟು ಎಸ್‌ಯುವಿ ತೆಗೆದುಕೊಂಡಿದ್ದರು. ನನ್ನ ಲೇಖನ ಓದಿ. "ಈಗ ಐದು ವಾರ ಆಯ್ತು ಮೇಡಂ. ಅವ್ಳಿಗೆ ಆ ಕಾರು ಹತ್ತಕ್ಕೇ ಆಗ್ತಿಲ್ಲ. ನೀವು ಹತ್ತೋದು ಹೆಂಗೆ ಅಂತ ಬರೆದಿರ್ಲಿಲ್ಲ, ಅದ್ಕೆ ಕೇಳೋಣ ಅಂತ ಮಾಡ್ದೆ."

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜಕ್ಕೂ ಯಾವುದೋ ಉಪಾಯವಿದೆ, ಅದನ್ನು ನಾನು ಬರೆಯಲು ಮರೆತಿದ್ದೇನೆ ಎಂದು ಅವರು ನಂಬಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನವೇ ಬಸ್ಸಿನಲ್ಲಿ ಹೊರಟೆ. ಚೀಲದಲ್ಲಿ ಬ್ಲೌಸು ಹೊಲಿಯುವ ಬಟ್ಟೆಯ ಟೇಪು. ಮಲವಗೊಪ್ಪ ದಾಟಿದ ಮೇಲೆ ಉಬ್ಬುಗಳಲ್ಲಿ ಬಸ್ಸು ಎತ್ತಿ ಹಾಕಿದಾಗಲೆಲ್ಲ, ಸರೋಜಮ್ಮ ಈ ದಾರಿಯಲ್ಲಿ ಆಟೊದಲ್ಲಿ ಒಮ್ಮೆ ಬಂದು ನೋವು ತಾಳಲಾರದೆ ಇನ್ನು ಬೇಡವೇ ಬೇಡ ಅಂದರಂತೆ ಎಂದು ಆರ್ಮುಗಂ ಹೇಳಿದ್ದು ನೆನಪಾಗುತ್ತಿತ್ತು.

ಕ್ವಾರ್ಟರ್ಸ್ ಮುಂದೆ ಕಾರು ಹೊಳೆಯುತ್ತ ನಿಂತಿತ್ತು. ಹಿಂದಿನ ಬಾಗಿಲ ಬಳಿ ಆರ್ಮುಗಂ ತಾವೇ ಮಾಡಿದ ಎರಡು ಹಂತದ ಮರದ ಮೆಟ್ಟಿಲು ಇತ್ತು. ಕೀಲುಗಳು ಅಲುಗದ, ಕಾಲಿಗೆ ರಬ್ಬರು ಹಾಕಿದ ಗಟ್ಟಿ ಕೆಲಸ. ಕಾರು ಓಡಿಸುವುದು ಪಕ್ಕದ ಬೀದಿಯಲ್ಲಿದ್ದ ಅಳಿಯ. ಆತನೂ ಬಂದಿದ್ದ. ಸರೋಜಮ್ಮ ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಹೊರಗೆ ಬಂದರು. ಗಟ್ಟಿ ಮುಖದ, ಗಟ್ಟಿ ಬಾಯಿಯ ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ ಮೊದಲ ಮಾತೇ ಇದು.

"ನೀವು ಇದ್ರಲ್ಲಿ ಹಿಂದೆ ಕೂತು ನೋಡಿದ್ರಾಮ್ಮಾ?"

"ಇಲ್ಲ."

"ಮತ್ತೆ ಯಾರು ಕೂತಿದ್ರು?"

"ಯಾರೂ ಕೂತಿರಲಿಲ್ಲ."

ಅವರು ಗಂಡನ ಕಡೆ ತಿರುಗಿದರು. "ಕೇಳಿಸ್ತಾ? ಬರೀ ಗಾಳಿ ಕೂತಿತ್ತಂತೆ. ಗಾಳಿಗೆ ಸೊಂಟ ನೋವಿರಲ್ವಲ್ಲ, ಸುಖವಾಗೇ ಇರತ್ತೆ."

ನಾನು ಟೇಪು ತೆಗೆದೆ. ಆರ್ಮುಗಂ ಅದನ್ನು ನೋಡಿ ಒಳಗೆ ಹೋಗಿ ತಮ್ಮ ಸ್ಟೀಲ್ ಟೇಪು ತಂದರು. ಬಟ್ಟೆ ಟೇಪು ಎಳೆದಷ್ಟು ಬರುತ್ತೆ ಮೇಡಂ, ಅದನ್ನ ನಂಬಬಾರದು ಅಂದರು. ಬದುಕಿಡೀ ಕೂದಲೆಳೆಯ ಲೆಕ್ಕದಲ್ಲಿ ಅಳೆದ ಮನುಷ್ಯ, ಕಾರು ಕೊಳ್ಳುವಾಗ ಯಾಕೆ ಅಳೆಯಲಿಲ್ಲ ಎಂದು ಕೇಳಿಬಿಟ್ಟೆ. ಆ ಪ್ರಶ್ನೆ ಕೇಳಬಾರದಿತ್ತು.

"ಪೇಪರಲ್ಲಿ ಬಂದಿದೆ ಅಂದ್ಮೇಲೆ ನಾನ್ಯಾಕೆ ಅಳೀಲಿ ಮೇಡಂ? ನೀವು ಅಳೆದೇ ಬರ್ದಿರ್ತೀರಿ ಅಂತ."

ಮೂವತ್ತು ವರ್ಷದ ನನ್ನ ಕೆಲಸದಲ್ಲಿ ಇಷ್ಟು ಜೋರಾದ ಪೆಟ್ಟು ಇನ್ನೊಂದು ಬಿದ್ದಿಲ್ಲ.

ಅಳೆದೆವು. ನೆಲದಿಂದ ಕಾರಿನ ಹೊಸ್ತಿಲ ತನಕ ಹತ್ತೊಂಬತ್ತು ಇಂಚು. ಸರೋಜಮ್ಮ ಕಾಲೆತ್ತಬಲ್ಲದ್ದು ಒಂಬತ್ತು. ಮೆಟ್ಟಿಲಿನ ಮೇಲೆ ನಿಂತರೆ ಅಷ್ಟೇನೋ ಸರಿಹೋಗುತ್ತಿತ್ತು. ಆದರೆ ಹಿಂದಿನ ಚಕ್ರದ ಉಬ್ಬು ಬಾಗಿಲಿನೊಳಗೆ ನುಗ್ಗಿ ಬಂದಿದ್ದರಿಂದ ಪಾದ ಒಳಗಿಡಲು ಉಳಿದ ಜಾಗ ಒಂದು ಗೇಣು. ಹಿಡಿಯಲು ಹಿಡಿಕೆಯಿಲ್ಲ. ಹೇಗೋ ಎತ್ತಿ ಕೂರಿಸಿದರೂ ಕಷ್ಟ ಮುಗಿಯುತ್ತಿರಲಿಲ್ಲ. ಹೊರಗಿನಿಂದ ಅಷ್ಟು ಎತ್ತರ ಕಾಣುವ ಕಾರಿನೊಳಗೆ ನೆಲವೂ ಎತ್ತರದಲ್ಲೇ ಇದೆ, ಸೀಟು ಆ ನೆಲಕ್ಕೆ ಅಂಟಿಕೊಂಡಂತಿದೆ. ಕೂತರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ. ಮಂಡಿ ಸೊಂಟಕ್ಕಿಂತ ಮೇಲೆ ಬರಕೂಡದು ಎಂದೇ ಡಾಕ್ಟರು ಅವರಿಗೆ ಹೇಳಿದ್ದು.

ಹಳೆಯ ಸೆಡಾನ್ ಮಾರಿದ್ದು ಎದುರು ಸಾಲಿನವರಿಗೇ. ಅದನ್ನೂ ಅಳೆದೆವು. ಹೊಸ್ತಿಲು ತಗ್ಗು, ಮೆಟ್ಟಿಲಿಲ್ಲದೆ ಕಾಲಿಡಬಹುದು. ಸೀಟಿನ ಮೆತ್ತೆ ಎಸ್‌ಯುವಿಗಿಂತ ಎರಡಿಂಚು ಉದ್ದ, ತೊಡೆಗೆ ಪೂರ್ತಿ ಆಸರೆ. ಆದರೆ ಸೀಟು ಎಷ್ಟು ಕೆಳಗಿದೆಯೆಂದರೆ ಕೂರುವುದೆಂದರೆ ಬೀಳುವುದೇ. ಮತ್ತೆ ಏಳಲು ಇಬ್ಬರು ಎಳೆಯಬೇಕು. ಒಂದರಲ್ಲಿ ಹತ್ತುವುದು ಕಷ್ಟ, ಇನ್ನೊಂದರಲ್ಲಿ ಏಳುವುದು. ಕೈಪಿಡಿಯಲ್ಲಿ ಎರಡೂ ವಿಶಾಲ.

ಹೋಲಿಕೆ ಪೂರ್ತಿಯಾಗಲೆಂದು ಎಸ್‌ಯುವಿಯ ಮುಂದಿನ ಎಡ ಸೀಟಿನ ಅಳತೆಯನ್ನೂ ತೆಗೆದೆ. ಅಭ್ಯಾಸಬಲ, ಬೇರೆ ಯೋಚನೆ ಇರಲಿಲ್ಲ. ಬಾಗಿಲು ಹಿಂದಿನದಕ್ಕಿಂತ ಅಗಲ. ಪಾದಕ್ಕೆ ಎರಡು ಗೇಣಿಗೂ ಹೆಚ್ಚು ಜಾಗ. ಕಂಬದಲ್ಲಿ ಹಿಡಿಕೆ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ಸ್ವಲ್ಪ ಮಲಗಿಸಿದರೆ ಕಾಲು ನೀಳವಾಗಿ ಚಾಚಬಹುದು. ಅಂಕಿ ಬರೆದುಕೊಳ್ಳುತ್ತಿದ್ದ ನನ್ನ ಕೈ ನಿಂತಿತು.

"ಇವರನ್ನು ಮುಂದೆ ಯಾಕೆ ಕೂರಿಸಲಿಲ್ಲ?" ಎಂದೆ.

ಅಳಿಯ ಹೇಳಿದ, "ಅಲ್ಲಿ ಮಾವ ಕೂರ್ತಾರೆ."

ಅದು ನೆಪವಲ್ಲ. ಯಾರೂ ಕೆಟ್ಟವರಲ್ಲ. ಹೆಂಡತಿಗಾಗಿ ಕಾರನ್ನೇ ಬದಲಿಸಿದ, ಮೆಟ್ಟಿಲು ಕಟ್ಟಿದ ಮನುಷ್ಯನಿಗೆ ತಾನು ಕೂರುವ ಜಾಗವನ್ನು ಬದಲಿಸಬಹುದೆಂದು ಐದು ವಾರದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಸರೋಜಮ್ಮನಿಗೂ ಹೊಳೆದಿರಲಿಲ್ಲ. ಹಿಂದಿನ ಸೀಟಿನ ಮೇಲಿನ ಸಿಟ್ಟಿಗೆ ಐದು ವರ್ಷ ಸ್ಟೀರಿಂಗ್ ಬಿಡದೆ ಕೂತ ನನಗೂ, ಟೇಪು ಆ ಬಾಗಿಲಿಗೆ ಹೋಗುವ ತನಕ ಹೊಳೆಯಲಿಲ್ಲ.

ಮೆಟ್ಟಿಲನ್ನು ಮುಂದಿನ ಬಾಗಿಲಿಗೆ ತಂದರು. ಸರೋಜಮ್ಮ ಹಿಡಿಕೆ ಹಿಡಿದು, ಮೊದಲು ಕೂತು, ಆಮೇಲೆ ಒಂದೊಂದೇ ಕಾಲನ್ನು ಒಳಗೆ ತಿರುಗಿಸಿದರು. ನೋವಾಯಿತು. ಆದರೆ ಕೂತರು. ಕೂತ ಮೇಲೆ ಗಾಜಿನಾಚೆ ಬೀದಿಯನ್ನು ನೋಡಿದರು. ಆರ್ಮುಗಂ ಹಿಂದೆ ಹತ್ತಿದರು. ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಬಂದಿತ್ತಾದ್ದರಿಂದ ಅವರ ಮಂಡಿ ಅದಕ್ಕೆ ಒತ್ತಿಕೊಂಡಿತು.

"ಇಲ್ಲಿ ಕಾಲು ಎಲ್ಲಿ ಇಡೋದು ಸರೋಜಾ?"

"ಮದ್ವೆ ಆದಾಗ್ನಿಂದ ನಾನೆಲ್ಲಿ ಇಡ್ತಿದ್ನೋ ಅಲ್ಲೇ ಇಡಿ."

ಅಂದೇ ಅವರು ಶಿವಮೊಗ್ಗಕ್ಕೆ ಹೊರಟರು. ನನ್ನನ್ನೂ ಕರೆದರು. ಹಿಂದಿನ ಸೀಟಿನಲ್ಲಿ ಆರ್ಮುಗಂ ಪಕ್ಕದಲ್ಲಿ ಕೂತು, ಕೆಲಸಕ್ಕೆಂದು ಮೊದಲ ಬಾರಿಗೆ, ಆ ಕಾರು ಹಿಂದಿನವರಿಗೆ ಹೇಗಿರುತ್ತದೆಂದು ತಿಳಿದೆ. ಮಲವಗೊಪ್ಪದ ಉಬ್ಬುಗಳಲ್ಲಿ ನನ್ನ ತಲೆ ಎರಡು ಸಲ ಕಾರಿನ ಚಾವಣಿಗೆ ತಾಗಿತು.

ಕಚೇರಿಗೆ ಹೋದವಳೇ ಎರಡು ಬರಹ ಮಾಡಿದೆ. ಒಂದು ನಾಲ್ಕು ಸಾಲಿನ ತಿದ್ದುಪಡಿ. ಇನ್ನೊಂದು ಎರಡೂ ಕಾರುಗಳ ಹಿಂದಿನ ಸೀಟಿನ ಪೂರ್ತಿ ಹೋಲಿಕೆ, ಅಳತೆಗಳ ಸಮೇತ. ಸಂಪಾದಕರು ಎರಡನ್ನೂ ಓದಿದರು. ಓದಿ ಮೇಜಿನ ಮೇಲಿಟ್ಟು, "ಹಿಂದಿನ ಸೀಟಿನ ಕಥೆ ಯಾರಿಗೆ ಬೇಕು ಮಾರಾಯ್ತಿ?" ಎಂದರು.

ಕೊಳ್ಳುವವರ ಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಲ್ಲೇ ಕೂರುವುದು ಎಂದೆ.

"ಕೂರೋರು ಬೇರೆ, ಕೊಳ್ಳೋರು ಬೇರೆ. ಕೊಳ್ಳೋನು ಮುಂದೆ ಕೂರ್ತಾನೆ. ನಮ್ಮ ಪೇಪರ್ ಓದೋನು ಅವ್ನು."

ಈ ಮಾತನ್ನು ನಾನು ಅದೇ ದಿನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ, ಮುಂದೆ ಯಾರಾದರೂ ಹಾಗೆ ಹೇಳಿರಲಿಕ್ಕಿಲ್ಲ ಅನ್ನಬಾರದೆಂದು. ಜಾಹೀರಾತು ವಿಭಾಗದವರೂ ಬಂದು ನಿಂತರು. ಆ ಎಸ್‌ಯುವಿ ಮಾರುವ ಷೋರೂಮು ಪ್ರತಿ ಶನಿವಾರ ನನ್ನ ಪುಟದ ಕೆಳಗೇ ಜಾಹೀರಾತು ಹಾಕುತ್ತಿತ್ತು. ತಿದ್ದುಪಡಿ ಅಂದರೆ ತಪ್ಪು ಒಪ್ಪಿಕೊಂಡಂತೆ ಎಂದು ಅವರು ನನಗೆ ವಿವರಿಸಿದರು. ಹೌದು, ತಪ್ಪು ಒಪ್ಪಿಕೊಳ್ಳಲೆಂದೇ ಬರೆದದ್ದು ಎಂದೆ. ಜಾಹೀರಾತಿನಲ್ಲಿ ಮಳಿಗೆಯ ಹೆಸರಿನ ಅಕ್ಷರ ತಪ್ಪಿದರೆ ಮರುದಿನವೇ ಮುಖಪುಟದಲ್ಲಿ ವಿಷಾದಿಸುತ್ತಿದ್ದ ಪತ್ರಿಕೆ ಅದು. ಒಬ್ಬ ಹೆಂಗಸಿನ ಐದು ವಾರಕ್ಕೆ ಅಲ್ಲಿ ನಾಲ್ಕು ಸಾಲಿನ ಜಾಗ ಸಿಗಲಿಲ್ಲ.

ರಾಜೀನಾಮೆ ಕೊಡಬೇಕಿತ್ತು ಎಂದು ಕೆಲವರು ಹೇಳುತ್ತಾರೆ. ಕೊಡಲಿಲ್ಲ. ನಾನು ಮಾಡಿದ್ದನ್ನು ಹೇಳುತ್ತೇನೆ, ಬೇಕಾದವರು ಕಲಿತುಕೊಳ್ಳಿ. ಮುಂದಿನ ವಾರದಿಂದ ಪ್ರತಿ ಕಾರಿನ ಬರಹದ ಕೆಳಗೆ ಒಂದು ಸಣ್ಣ ಪಟ್ಟಿ ಹಾಕಿದೆ. ಹೊಸ್ತಿಲ ಎತ್ತರ, ಹಿಂದಿನ ಬಾಗಿಲಲ್ಲಿ ಪಾದಕ್ಕೆ ಸಿಗುವ ಜಾಗ, ಕಾರಿನೊಳಗಿನ ನೆಲದಿಂದ ಸೀಟಿನ ಎತ್ತರ, ಮೆತ್ತೆಯ ಉದ್ದ, ಮುಂದೆ ಇಕ್ಬಾಲ್ ಕೂತಾಗ ಅವರ ಹಿಂದೆ ಉಳಿಯುವ ಮಂಡಿಯ ಜಾಗ. ಬರೀ ಅಂಕಿ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಒಂದು ಪದವೂ ಇಲ್ಲ. ಜಾಹೀರಾತಿನವರು ಪದಗಳಿಗೆ ಹೆದರುತ್ತಿದ್ದರು, ಅಂಕಿಯನ್ನು ಓದುತ್ತಲೇ ಇರಲಿಲ್ಲ. ಪಟ್ಟಿ ಆರು ವರ್ಷ ಬಂತು. ಓದುವವರು ಓದಿದರು. ಷೋರೂಮುಗಳಲ್ಲಿ ಜನ ಟೇಪು ಹಿಡಿದು ಬರತೊಡಗಿದರು ಎಂದು ಸೇಲ್ಸ್‌ನವರೇ ನನ್ನ ಹತ್ತಿರ ಗೊಣಗಿದರು. ಒಂದು ಷೋರೂಮಿನಲ್ಲಿ ಮಾತ್ರ ನನ್ನ ಟೇಪನ್ನು ಒಳಗೆ ಬಿಡಲಿಲ್ಲ. ಆ ವಾರ ಆ ಕಾರಿನ ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೆ 'ಅಳೆಯಲು ಬಿಡಲಿಲ್ಲ' ಎಂದು ಬರೆದೆ. ಅದೂ ಯಾರ ಕಣ್ಣಿಗೂ ಬೀಳದೆ ಅಚ್ಚಾಯಿತು.

ಆ ಟೇಪು ಆರ್ಮುಗಂ ಅವರ ಸ್ಟೀಲ್ ಟೇಪು. ನಿಮ್ಮ ಬಟ್ಟೆ ಟೇಪನ್ನ ಎಸೀರಿ ಎಂದು ಕೊಟ್ಟದ್ದು. ಈಗಲೂ ನನ್ನ ಹತ್ತಿರವೇ ಇದೆ.

ಸರೋಜಮ್ಮ ವ್ಯಾಯಾಮ ಪೂರ್ತಿ ಮಾಡಿದರು. ವಾಕರ್ ಬಿಟ್ಟು ಕೋಲಿಗೆ ಬಂದರು. ಕೋಲು ಬಿಡಲು ಆಗಲಿಲ್ಲ. ಎಡಗಾಲು ಪೂರ್ತಿ ನೇರವಾಗುವುದಿಲ್ಲ. ತಪ್ಪಿಹೋದ ಐದು ವಾರದಿಂದಲೇ ಹೀಗಾಯಿತೇ ಎಂದು ಅವರ ಡಾಕ್ಟರನ್ನು ನಾನೇ ಕೇಳಿದೆ. ಹಾಗೆಂದು ಹೇಳಲಾಗದು ಎಂದರು. ಅಲ್ಲವೆನ್ನಬಹುದೇ ಎಂದು ಕೇಳಿದೆ. ಅದನ್ನೂ ಹೇಳಲಾಗದು ಎಂದರು. ಎರಡನ್ನೂ ದಾಖಲಿಸಿದ್ದೇನೆ. ಈಗಲೂ ಅವರು ಮುಂದಿನ ಸೀಟಿನಲ್ಲೇ ಕೂರುತ್ತಾರಂತೆ. ಕಾಲು ನೋಯದ ದಿನವೂ.

ನನ್ನ ಬೀಳ್ಕೊಡುಗೆಯ ದಿನ ಸಂಪಾದಕರು ನನ್ನ ಪುಟದ ನಿಖರತೆಯನ್ನು ಹೊಗಳಿದರು. ಆ ಪಟ್ಟಿ ಹೇಗೆ ಶುರುವಾಯಿತೆಂದು ಸಭೆಯಲ್ಲಿ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ನಾಲ್ಕು ಸಾಲಿನ ಹಾಳೆ ಆಗಲೂ ನನ್ನ ಚೀಲದಲ್ಲಿತ್ತು. ಎಲ್ಲೂ ಅಚ್ಚಾಗದ್ದನ್ನು ಇಲ್ಲಿ ಹಾಕುತ್ತಿದ್ದೇನೆ, ಒಂದಕ್ಷರ ಬದಲಿಸಿಲ್ಲ.

ತಿದ್ದುಪಡಿ: ಸೊಂಟದ ತೊಂದರೆ ಇರುವವರಿಗೆ ಎಸ್‌ಯುವಿಯೇ ಸರಿಯಾದ ಆಯ್ಕೆ ಎಂದು ಈ ಪುಟದಲ್ಲಿ ಬರೆಯಲಾಗಿತ್ತು. ಅದು ತಪ್ಪು. ಲೇಖಕಿ ಹಿಂದಿನ ಸೀಟಿನಲ್ಲಿ ಕೂತು ನೋಡಿರಲಿಲ್ಲ. ಇದನ್ನು ನಂಬಿ ಕಾರು ಕೊಂಡ ಕಾಗದನಗರದ ಒಬ್ಬ ಮಹಿಳೆಗೆ ಐದು ವಾರ ಚಿಕಿತ್ಸೆ ತಪ್ಪಿದೆ.